ಕುದ್ರೋಳಿಯ ತಟ್ಟೆಯಲ್ಲಿ ನಾರು ಎಷ್ಟು ಗ್ರಾಂ? ಕಡಲೆ, ಹರಿವೆ, ಕುಚ್ಚಲಕ್ಕಿಯ ಲೆಕ್ಕಾಚಾರ

ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 25 ಗ್ರಾಂ ನಾರು ಬೇಕು, ಅಂಥದ್ದೇ ಕೆಲಸದ ಗಂಡಸಿಗೆ 30 ಗ್ರಾಂ. ಬೆಳ್ತಿಗೆ (ಬಿಳಿ) ಅಕ್ಕಿ, ಮೀನು ಸಾರು, ಸಂಜೆಗೊಂದಿಷ್ಟು ಗೋಳಿಬಜೆ ಎಂದು ಸಾಗುವ ಒಂದು ದಿನದ ಊಟದಲ್ಲಿ ಸಿಗುವುದು 16 ಗ್ರಾಂ ಆಸುಪಾಸು. ಈ ಕೊರತೆ ತುಂಬಲು ಒಬ್ಬರಿಗೆ ದಿನಕ್ಕೆ ತಗಲುವ ಖರ್ಚು ಸುಮಾರು 10 ರೂಪಾಯಿ. ಈ ವರದಿ ಬಿಡಿಸಿ ಹೇಳುವುದು ಈ ಲೆಕ್ಕವನ್ನೇ.

ಮಂಗಳೂರಿನ ಕುದ್ರೋಳಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥೇಶ್ವರ ಕ್ಷೇತ್ರ ಇಲ್ಲಿದೆ. ಭಗವತಿ ಕ್ಷೇತ್ರವಿದೆ, ಮಸೀದಿಯಿದೆ. ಒಂದು ಕಡೆ ಬಂದರು, ಇನ್ನೊಂದು ಕಡೆ ಫಲ್ಗುಣಿ ನದಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮಾತನಾಡುವ ಮನೆಗಳು ಕೆಲವೇ ನಿಮಿಷದ ನಡಿಗೆಯ ಒಳಗಿವೆ. ಮಾತು ಬೇರೆಯಾದರೂ ತಟ್ಟೆಯ ನಡುವೆ ಕೂರುವುದು ಅನ್ನ. ಪಕ್ಕದಲ್ಲಿ ಮೀನು, ಎರಡಕ್ಕೂ ಜೊತೆಯಾಗಿ ತೆಂಗಿನಕಾಯಿ. ಹಾಗಾಗಿ ಇಲ್ಲಿಯ ಲೆಕ್ಕ ಇಡೀ ಕರಾವಳಿಗೂ ಒಪ್ಪುತ್ತದೆ.

ಬೇಕಾದದ್ದು ಎಷ್ಟು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ನಾರನ್ನು ಊಟದ ಶಕ್ತಿಗೆ ಹೊಂದಿಸಿ ಹೇಳುತ್ತದೆ. ತಿನ್ನುವ ಪ್ರತಿ 1,000 ಕ್ಯಾಲರಿಗೆ 15 ಗ್ರಾಂ ನಾರಿರಬೇಕು. 2,000 ಕ್ಯಾಲರಿ ಉಣ್ಣುವವರಿಗೆ 30 ಗ್ರಾಂ ಎಂದಾಯಿತು. ದಕ್ಕೆಯಲ್ಲಿ ಹೊರೆ ಹೊರುವವರಂತೆ ಮೈಮುರಿದು ದುಡಿಯುವವರು ಹೆಚ್ಚು ಉಣ್ಣುತ್ತಾರೆ, ಅವರಿಗೆ ನಾರೂ ಅದಕ್ಕೆ ತಕ್ಕಂತೆ ಹೆಚ್ಚು ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಸರಳ. 10 ವರ್ಷ ದಾಟಿದ ಎಲ್ಲರಿಗೂ ದಿನಕ್ಕೆ ಕನಿಷ್ಠ 25 ಗ್ರಾಂ, 6ರಿಂದ 9 ವರ್ಷದ ಮಕ್ಕಳಿಗೆ 21 ಗ್ರಾಂ, 2ರಿಂದ 5ರವರಿಗೆ 15 ಗ್ರಾಂ. ಈ ನಾರು ಆಹಾರದಲ್ಲಿ ಸಹಜವಾಗಿ ಇರುವಂಥದ್ದಾಗಿರಬೇಕು ಎಂದೂ ಅದು ಹೇಳಿದೆ.

ಇದರ ಲಾಭ ಮಲಬದ್ಧತೆ ನೀಗುವುದಕ್ಕೆ ಮುಗಿಯುವುದಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆ 185 ದೀರ್ಘಾವಧಿ ಅಧ್ಯಯನಗಳನ್ನೂ 58 ಚಿಕಿತ್ಸಾ ಪ್ರಯೋಗಗಳನ್ನೂ ಒಟ್ಟಿಗೆ ನೋಡಿತು. ಅತಿ ಕಡಿಮೆ ನಾರು ತಿನ್ನುವವರಿಗೆ ಹೋಲಿಸಿದರೆ ಹೆಚ್ಚು ತಿನ್ನುವವರಲ್ಲಿ ಹೃದ್ರೋಗ, ಟೈಪ್ 2 ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಒಟ್ಟಾರೆ ಸಾವಿನ ಪ್ರಮಾಣ ಶೇ 15ರಿಂದ 30ರಷ್ಟು ಕಡಿಮೆಯಿತ್ತು. ಹೆಚ್ಚಿನ ಲಾಭ ಕಂಡದ್ದು ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಲ್ಲಿ.

ಸಿಗುತ್ತಿರುವುದು ಎಷ್ಟು

ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ಅಂಶಗಳು ದಾಖಲಾಗಿವೆ. ಆ ಅಂಕಿಗಳನ್ನಿಟ್ಟುಕೊಂಡು ಒಂದು ಮಾದರಿ ದಿನವನ್ನು ತೂಗೋಣ. ತೂಕವೆಲ್ಲ ಬೇಯಿಸುವ ಮೊದಲಿನದು.

- ಬೆಳಿಗ್ಗೆ ನೀರುದೋಸೆಗೆ ಬೆಳ್ತಿಗೆ ಅಕ್ಕಿ 60 ಗ್ರಾಂ: ನಾರು 1.7 ಗ್ರಾಂ
- ಚಟ್ನಿಗೆ ತೆಂಗಿನ ತುರಿ 20 ಗ್ರಾಂ: 2.1
- ಮಧ್ಯಾಹ್ನ ಊಟಕ್ಕೆ ಬೆಳ್ತಿಗೆ ಅಕ್ಕಿ 120 ಗ್ರಾಂ: 3.4
- ಬಂಗುಡೆ ಸಾರಿಗೆ ಅರೆದ ತೆಂಗಿನ ತುರಿ 30 ಗ್ರಾಂ: 3.1
- ಬಂಗುಡೆ: 0
- ಸಂಜೆ ಗೋಳಿಬಜೆಗೆ ಮೈದಾ 40 ಗ್ರಾಂ: 1.1
- ರಾತ್ರಿ ಊಟಕ್ಕೆ ಬೆಳ್ತಿಗೆ ಅಕ್ಕಿ 100 ಗ್ರಾಂ: 2.8
- ಬೇಳೆ ಹಾಕದ ಸೌತೆಕಾಯಿ ಹುಳಿ, ಹೋಳು 75 ಗ್ರಾಂ: 1.6

ಒಟ್ಟು 15.8 ಗ್ರಾಂ. ಹೆಂಗಸಿಗೆ 9 ಗ್ರಾಂ ಕೊರತೆ, ಗಂಡಸಿಗೆ 14.

ಪಟ್ಟಿಯನ್ನು ಸ್ವಲ್ಪ ನಿಂತು ನೋಡಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಮೂರು ಹೊತ್ತಿಗೆ 280 ಗ್ರಾಂ ಅಕ್ಕಿ ಬೆಂದರೂ ಅದರಿಂದ ಬಂದ ನಾರು 8 ಗ್ರಾಂ ಮುಟ್ಟಲಿಲ್ಲ. 50 ಗ್ರಾಂ ತೆಂಗಿನ ತುರಿಯೊಂದೇ 5.2 ಗ್ರಾಂ ಕೊಟ್ಟಿತು, ದಿನದ ನಾರಿನ ಮೂರನೇ ಒಂದು ಪಾಲು. ಕರಾವಳಿಯ ಹೊಟ್ಟೆಯನ್ನು ಇಷ್ಟರ ಮಟ್ಟಿಗೆ ಕಾಯುತ್ತಿರುವುದು ಅರೆಯುವ ಕಲ್ಲಿಗೆ ಬೀಳುವ ಕಾಯಿ. ಹಾಗೆಂದು ನಾರಿಗಾಗಿ ಕಾಯಿ ಹೆಚ್ಚಿಸುವುದು ಸರಿಯಲ್ಲ. ಹಸಿ ತೆಂಗಿನ ತೂಕದಲ್ಲಿ ಮೂರನೇ ಒಂದಂಶಕ್ಕಿಂತ ಹೆಚ್ಚು ಕೊಬ್ಬು, ಅದರಲ್ಲೂ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಈಗ ಹಾಕುತ್ತಿರುವಷ್ಟು ಸಾಕು. ಹಾಲು ಹಿಂಡಿ ಚರಟ ಚೆಲ್ಲುವ ಬದಲು ನುಣ್ಣಗೆ ಅರೆದು ಪೂರ್ತಿ ಹಾಕಿದರೆ ನಾರು ಸಾರಿನಲ್ಲೇ ಉಳಿಯುತ್ತದೆ.

ಒಂದು ಗ್ರಾಂ ನಾರಿಗೆ ಎಷ್ಟು ದುಡ್ಡು

ಕೆಳಗಿನ ಪಟ್ಟಿಯಲ್ಲಿರುವ ಕಿಲೋ ದರ ಲೆಕ್ಕಕ್ಕೆ ಹಿಡಿದುಕೊಂಡ ದುಂಡು ದರ. ಅಳಕೆಯ ಮಾರುಕಟ್ಟೆಯಲ್ಲೋ ನಿಮ್ಮ ಬೀದಿಯ ಅಂಗಡಿಯಲ್ಲೋ ಇಂದಿನ ದರ ಕೇಳಿ ನೀವೇ ತಿದ್ದಿಕೊಳ್ಳಬಹುದು. ಸೂತ್ರ ಸುಲಭ: ಕಿಲೋ ದರವನ್ನು ಒಂದು ಕಿಲೋದಲ್ಲಿರುವ ನಾರಿನ ಗ್ರಾಂನಿಂದ ಭಾಗಿಸಿ.

- ಕಪ್ಪು ಕಡಲೆ: ಕಿಲೋಗೆ 100 ರೂ., ನಾರು 252 ಗ್ರಾಂ. ಒಂದು ಗ್ರಾಂ ನಾರಿಗೆ 40 ಪೈಸೆ
- ಗೋಧಿ ಹಿಟ್ಟು (ಆಟಾ): 50 ರೂ., 114 ಗ್ರಾಂ, 44 ಪೈಸೆ
- ರಾಗಿ: 50 ರೂ., 112 ಗ್ರಾಂ, 45 ಪೈಸೆ
- ಹೆಸರುಕಾಳು: 130 ರೂ., 170 ಗ್ರಾಂ, 76 ಪೈಸೆ
- ಪೇರಳೆ: 80 ರೂ., 86 ಗ್ರಾಂ, 93 ಪೈಸೆ
- ಅಲಸಂಡೆ ಕಾಳು: 120 ರೂ., 115 ಗ್ರಾಂ, 1 ರೂ. 4 ಪೈಸೆ
- ಹುರುಳಿ: 90 ರೂ., 79 ಗ್ರಾಂ, 1 ರೂ. 14 ಪೈಸೆ
- ಕುಚ್ಚಲಕ್ಕಿ: 50 ರೂ., 37 ಗ್ರಾಂ, 1 ರೂ. 35 ಪೈಸೆ
- ಹರಿವೆ ಸೊಪ್ಪು: 60 ರೂ., 44 ಗ್ರಾಂ, 1 ರೂ. 36 ಪೈಸೆ
- ಬೆಂಡೆಕಾಯಿ: 60 ರೂ., 41 ಗ್ರಾಂ, 1 ರೂ. 46 ಪೈಸೆ
- ಬೆಳ್ತಿಗೆ ಅಕ್ಕಿ: 55 ರೂ., 28 ಗ್ರಾಂ, 1 ರೂ. 96 ಪೈಸೆ
- ಬಾಳೆಹಣ್ಣು: 60 ರೂ., 20 ಗ್ರಾಂ, 3 ರೂ.
- ಸೇಬು: 200 ರೂ., 26 ಗ್ರಾಂ, 7 ರೂ. 69 ಪೈಸೆ

ಅಕ್ಕಿಯನ್ನು ನಾವು ಕೊಳ್ಳುವುದು ಹೊಟ್ಟೆ ತುಂಬಲಿಕ್ಕೆ. ಅದರಲ್ಲಿ ಸಿಗುವ ನಾರು ಜೊತೆಗೆ ಬಂದದ್ದು, ಹಾಗಾಗಿ ಅಕ್ಕಿಯ ಪೈಸೆ ಲೆಕ್ಕವನ್ನು ಸೊಪ್ಪಿನ ಲೆಕ್ಕಕ್ಕೆ ನೇರವಾಗಿ ಹೋಲಿಸಬೇಕಾಗಿಲ್ಲ. ಆದರೆ ಕಡಲೆ ಮತ್ತು ಸೇಬಿನ ನಡುವಿನ ಅಂತರ ಗಮನಿಸಬೇಕಾದದ್ದು. ಒಂದೇ ತೂಕದ ನಾರಿಗೆ ಸೇಬು 19 ಪಟ್ಟು ದುಬಾರಿ. ಮಲಬದ್ಧತೆ ಎಂದಾಗ ಮನೆಯಲ್ಲಿ ಮೊದಲು ನೆನಪಾಗುವುದು ಬಾಳೆಹಣ್ಣು. ನಾರಿನ ಲೆಕ್ಕದಲ್ಲಿ ಅದಕ್ಕೂ ಕಡಲೆಯ ಏಳೂವರೆ ಪಟ್ಟು ಬೆಲೆ, ಸಿಪ್ಪೆಯ ತೂಕ ಕಳೆದರೆ ಇನ್ನೂ ಹೆಚ್ಚು. ಬಾಳೆಹಣ್ಣು ರುಚಿಗೆ, ಪೊಟ್ಯಾಶಿಯಂಗೆ ತಿನ್ನಬೇಕಾದ ಒಳ್ಳೆಯ ಹಣ್ಣು. ನಾರಿಗೆಂದು ಹಣ್ಣು ಕೊಳ್ಳುವುದಾದರೆ ಪೇರಳೆಯ ಕಾಲದಲ್ಲಿ ಪೇರಳೆ ಕೊಳ್ಳಿ.

ಕಡಲೆಯ ಅಂಕಿಯ ಬಗ್ಗೆ ಒಂದು ಎಚ್ಚರ ಅಗತ್ಯ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಕಡಲೆಗೆ 100 ಗ್ರಾಂಗೆ 12 ಗ್ರಾಂ ನಾರು ಎಂದಿದೆ, ನಮ್ಮ ಕೋಷ್ಟಕದ ಅರ್ಧ. ತಳಿ ಬದಲಾದಂತೆ ಸಿಪ್ಪೆಯ ದಪ್ಪವೂ ಬದಲಾಗುತ್ತದೆ. ದೊಡ್ಡ ಬಿಳಿ ಕಾಬೂಲಿ ಕಡಲೆಗಿಂತ ನಮ್ಮ ಸಣ್ಣ ಕಪ್ಪು ಕಡಲೆಯ ಸಿಪ್ಪೆ ದಪ್ಪ, ನಾರಿನ ಬಹುಭಾಗ ಇರುವುದು ಅಲ್ಲೇ. ಆ ಕಡಿಮೆ ಅಂಕಿಯನ್ನೇ ಹಿಡಿದರೂ ಒಂದು ಗ್ರಾಂಗೆ 80 ಪೈಸೆ ಆಸುಪಾಸು. ಆಗಲೂ ಕಡಲೆ ಪಟ್ಟಿಯ ಮೇಲ್ಭಾಗದಲ್ಲೇ ಉಳಿಯುತ್ತದೆ.

ಕುಚ್ಚಲಕ್ಕಿ ಒಂದೇ ಸಾಕೆ

‘ನಾವು ಕುಚ್ಚಲಕ್ಕಿ ಉಣ್ಣುವವರು, ನಮಗೇನು ನಾರಿನ ಕೊರತೆ’ ಎಂಬ ನಂಬಿಕೆ ಕರಾವಳಿಯಲ್ಲಿ ಗಟ್ಟಿಯಾಗಿದೆ. ಅಂಕಿಗಳು ಆ ನಂಬಿಕೆಯನ್ನು ಪೂರ್ತಿ ಒಪ್ಪುವುದಿಲ್ಲ. ಭತ್ತವನ್ನು ಬೇಯಿಸಿ ಒಣಗಿಸಿ ಮಿಲ್ ಮಾಡಿದ ಕುಚ್ಚಲಕ್ಕಿಯಲ್ಲಿ 100 ಗ್ರಾಂಗೆ 3.7 ಗ್ರಾಂ ನಾರು, ಬೆಳ್ತಿಗೆಯಲ್ಲಿ 2.8, ತೌಡು ತೆಗೆಯದ ಅಕ್ಕಿಯಲ್ಲಿ 4.4. ಮಧ್ಯಾಹ್ನ ರಾತ್ರಿಯ 220 ಗ್ರಾಂ ಅಕ್ಕಿಯನ್ನು ಬೆಳ್ತಿಗೆಯಿಂದ ಕುಚ್ಚಲಕ್ಕಿಗೆ ಬದಲಿಸಿದರೆ ಸಿಗುವ ಹೆಚ್ಚುವರಿ 2 ಗ್ರಾಂ. ತೌಡು ಚೆನ್ನಾಗಿ ಉಳಿದ ಕೆಂಪು ಅಕ್ಕಿಯಾದರೆ ಮೂರೂವರೆ ಗ್ರಾಂವರೆಗೆ ಹೋಗಬಹುದು.

ಬದಲಿಸಿಕೊಳ್ಳಿ, ಖಂಡಿತ ಬದಲಿಸಿಕೊಳ್ಳಿ. ಭತ್ತ ಬೇಯುವಾಗ ತೌಡಿನ ಬಿ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ, ಅದು ಕುಚ್ಚಲಕ್ಕಿಯ ಬೇರೆಯೇ ಲಾಭ. ಆದರೆ 9ರಿಂದ 14 ಗ್ರಾಂ ಕೊರತೆಯನ್ನು ಅದೊಂದೇ ತುಂಬಿಸಲಾರದು. ಕೊಳ್ಳುವಾಗ ಅಕ್ಕಿಯನ್ನು ಅಂಗೈಗೆ ಹಾಕಿ ಬೆಳಕಿಗೆ ಹಿಡಿಯಿರಿ. ಕಾಳಿನ ಮೈಮೇಲೆ ಕೆಂಪು ಪದರ ಹರಡಿಕೊಂಡಿದೆಯೇ, ಇಲ್ಲಾ ಪಾಲಿಶ್‌ಗೆ ಸವೆದು ಅಲ್ಲೊಂದು ಇಲ್ಲೊಂದು ಗೆರೆ ಮಾತ್ರ ಉಳಿದಿದೆಯೇ ಎಂದು ನೋಡಿ. ಗೆರೆ ಮಾತ್ರ ಉಳಿದಿದ್ದರೆ ನಾರಿನ ಲೆಕ್ಕದಲ್ಲಿ ಬೆಳ್ತಿಗೆಯ ಹತ್ತಿರಕ್ಕೇ ಬಂದಿರುತ್ತದೆ.

ರೇಷನ್ ಅಂಗಡಿಯ ಲೆಕ್ಕವೂ ಇದರ ಜೊತೆಗಿದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ದಿನಕ್ಕೆ 167 ಗ್ರಾಂ. ಅದು ಬೆಳ್ತಿಗೆಯಾದರೆ ನಾರು 4.7 ಗ್ರಾಂ, ಕುಚ್ಚಲಕ್ಕಿಯಾದರೆ 6.2. ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂಬುದು ದಕ್ಷಿಣ ಕನ್ನಡ, ಉಡುಪಿಯ ಹಳೆಯ ಬೇಡಿಕೆ. ರುಚಿಯ, ರೂಢಿಯ ಬೇಡಿಕೆಯೆಂದು ಅದನ್ನು ಬದಿಗಿಡುವಂತಿಲ್ಲ. ದುಡ್ಡು ಕೊಟ್ಟು ಬೇರೆ ಅಕ್ಕಿ ಕೊಳ್ಳಲಾಗದ ಮನೆಗೆ ಅದು ತಲೆಗೆ ದಿನಕ್ಕೆ ಒಂದೂವರೆ ಗ್ರಾಂ ನಾರಿನ ಪ್ರಶ್ನೆ.

ಕೊರತೆ ತುಂಬುವ ಮೂರು ಬದಲಾವಣೆ

ಮೊದಲಿನ 15.8 ಗ್ರಾಂನಿಂದ ಶುರು ಮಾಡೋಣ.

ಒಂದು, ಮಧ್ಯಾಹ್ನ ರಾತ್ರಿ ಕುಚ್ಚಲಕ್ಕಿ: 2 ಗ್ರಾಂ ಹೆಚ್ಚು, ಒಟ್ಟು 17.8. ಖರ್ಚು ಹೆಚ್ಚಿಲ್ಲ.

ಎರಡು, ಸಂಜೆಯ ಗೋಳಿಬಜೆಯ ಜಾಗಕ್ಕೆ 40 ಗ್ರಾಂ ಒಣ ಕಡಲೆಯ ಉಸ್ಲಿ. ಕಡಲೆಯಿಂದ 10.1 ಬಂದು ಮೈದಾದ 1.1 ಹೋದರೆ ನಿವ್ವಳ ಲಾಭ 9 ಗ್ರಾಂ. ಒಟ್ಟು 26.8, ಹೆಂಗಸಿನ ಗುರಿ ಇಲ್ಲಿಗೇ ಮುಟ್ಟಿತು. ಖರ್ಚು 4 ರೂಪಾಯಿ.

ಮೂರು, ಹೆಚ್ಚಿ ತೊಳೆದ 100 ಗ್ರಾಂ ಹರಿವೆಯ ಪಲ್ಯ: 4.4 ಗ್ರಾಂ. ಒಟ್ಟು 31.2, ಗಂಡಸಿನ ಗುರಿಯೂ ದಾಟಿತು. ಖರ್ಚು 6 ರೂಪಾಯಿ.

ನಾಲ್ಕು ಜನರ ಮನೆಗೆ ತಿಂಗಳಿಗೆ 4.8 ಕಿಲೋ ಕಡಲೆ, 480 ರೂ.; 12 ಕಿಲೋ ಹರಿವೆ, 720 ರೂ. ಒಟ್ಟು 1,200 ರೂ. ಇದರಲ್ಲಿ ಮೈದಾ ಮತ್ತು ಕರಿಯುವ ಎಣ್ಣೆಯ ಉಳಿತಾಯ ಕಳೆದಿಲ್ಲ, ಕಳೆದರೆ ಹೊರೆ ಇನ್ನೂ ಇಳಿಯುತ್ತದೆ. ಕಡಲೆಗೆ ಅಮೆರಿಕದ ಪಟ್ಟಿಯ ಕಡಿಮೆ ಅಂಕಿಯನ್ನು ಹಿಡಿದು ಕೂಡಿಸಿದರೂ ದಿನದ ಮೊತ್ತ 26 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 25ರ ಗೆರೆಯ ಮೇಲೆಯೇ.

ಇಷ್ಟು ಅಗ್ಗವಾದರೆ ಕಡಲೆಯನ್ನೇ ದುಪ್ಪಟ್ಟು ಮಾಡಿ ಸೊಪ್ಪು ಬಿಡಬಹುದಲ್ಲ ಎಂದು ಯಾರಿಗಾದರೂ ಅನಿಸೀತು. ಕರುಳಿನ ಲೆಕ್ಕ ಬೇರೆ ಇದೆ. ಯಾವ ನಾರು ಎಷ್ಟು ಮಲ ಹೆಚ್ಚಿಸುತ್ತದೆ ಎಂಬುದನ್ನು ಬ್ರಿಟನ್ನಿನ ಸಂಶೋಧಕ ಜಾನ್ ಕಮ್ಮಿಂಗ್ಸ್ ಹಲವಾರು ಪ್ರಯೋಗಗಳಿಂದ ಒಟ್ಟುಗೂಡಿಸಿದ್ದಾರೆ. ಗೋಧಿ ತೌಡಿನ ಒಂದು ಗ್ರಾಂ ನಾರು ಮಲದ ತೂಕವನ್ನು 5.4 ಗ್ರಾಂ ಹೆಚ್ಚಿಸುತ್ತದೆ. ಹಣ್ಣು ತರಕಾರಿಯ ನಾರು 4.7, ಇಸಬಗೋಲ್ 4, ಬೇಳೆಕಾಳು 2.2. ಕಾಳಿನ ನಾರಿನ ದೊಡ್ಡ ಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಅದೂ ಉಪಕಾರಿಯೇ, ಆಗ ಹುಟ್ಟುವ ಕೊಬ್ಬಿನಾಮ್ಲಗಳು ಕರುಳಿನ ಒಳಪದರಕ್ಕೆ ಆಹಾರ. ಆದರೆ ಹೊಟ್ಟೆ ಸಲೀಸಾಗಿ ಖಾಲಿಯಾಗಲು ಬೇಕಾದ ಗಾತ್ರ ಕೊಡುವುದು ಸೊಪ್ಪು ತರಕಾರಿ, ತೌಡಿರುವ ಧಾನ್ಯ.

ಗುಣಿಸಿ ನೋಡಿ: 40 ಗ್ರಾಂ ಕಡಲೆಯ 10.1 ಗ್ರಾಂ ನಾರು ಕೊಡುವ ಗಾತ್ರ 22 ಗ್ರಾಂ. 100 ಗ್ರಾಂ ಹರಿವೆಯ 4.4 ಗ್ರಾಂ ನಾರು ಕೊಡುವುದು 21 ಗ್ರಾಂ. ಅರ್ಧಕ್ಕಿಂತ ಕಡಿಮೆ ನಾರಿನಲ್ಲಿ ಹರಿವೆ ಕಡಲೆಗೆ ಸಮ ನಿಂತಿತು. ಆದ್ದರಿಂದ 4 ರೂಪಾಯಿಯ ಕಾಳೂ 6 ರೂಪಾಯಿಯ ಸೊಪ್ಪೂ ಎರಡೂ ತಟ್ಟೆಯಲ್ಲಿರಬೇಕು. ರಾತ್ರಿ ಅನ್ನ ಬಿಟ್ಟು 75 ಗ್ರಾಂ ಗೋಧಿ ಹಿಟ್ಟಿನ ಚಪಾತಿ ಮಾಡುವ ಮನೆಗಳಿಗೆ ಅದರಿಂದಲೇ 8.5 ಗ್ರಾಂ ಸಿಗುತ್ತದೆ, ಹಿಟ್ಟು ಜರಡಿ ಹಿಡಿಯದೆ ತೌಡು ಸಮೇತ ಕಲಸಿದರೆ.

ಮನೆಯಲ್ಲಿ ಇರುವ ಅಡುಗೆಯೇ ಸಾಕು

ಹೊಸ ಅಡುಗೆ ಯಾವುದನ್ನೂ ಕಲಿಯಬೇಕಾಗಿಲ್ಲ. ಪದೆಂಗಿ ಗಸಿ, ಕುಡುತ ಸಾರು, ತೊಂಡೆಕಾಯಿ ಕಡಲೆ ಸುಕ್ಕ ಎಂದು ತುಳು ಮನೆಗಳಲ್ಲಿ, ಮೂಗಾ ಗಾಟಿ, ಚಣ್ಯಾ ಗಶಿ ಎಂದು ರಥಬೀದಿಯ ಕಡೆಯ ಕೊಂಕಣಿ ಮನೆಗಳಲ್ಲಿ ಕಾಳಿನ ಅಡುಗೆ ತಲೆಮಾರುಗಳಿಂದ ನಡೆದು ಬಂದಿದೆ. ಅವು ವಾರಕ್ಕೊಮ್ಮೆಯ ಅಡುಗೆಯಾಗಿ, ಮೀನು ಸಿಗದ ದಿನದ ಅಡುಗೆಯಾಗಿ ಹಿಂದೆ ಸರಿದಿವೆ. ಮೀನಿನ ಜೊತೆಗೇ ಅವನ್ನು ಕೂರಿಸಬೇಕು. ಬಂಗುಡೆ, ಬೂತಾಯಿಯ ಪ್ರೋಟೀನು, ಒಳ್ಳೆಯ ಕೊಬ್ಬು ನಮ್ಮ ಭಾಗ್ಯ, ಬಿಡಬೇಕಾದ ಕಾರಣವೇ ಇಲ್ಲ. ನಾರು ಮಾತ್ರ ಮೀನಿನಲ್ಲಿ ಸೊನ್ನೆ.

ಹರಿವೆ ತಂದಾಗ ಎಲೆ ಬಿಡಿಸಿಕೊಂಡು ದಂಟು ಎಸೆಯುವ ರೂಢಿ ಹೆಚ್ಚುತ್ತಿದೆ. ಬಲಿತ ದಂಟಿನ ಹೊರಸಿಪ್ಪೆ ಸುಲಿದು ಬೆರಳುದ್ದ ತುಂಡು ಮಾಡಿ, ಸೌತೆಕಾಯಿ ಅಥವಾ ಹಲಸಿನ ಬೀಜದ ಜೊತೆ ಹುಳಿಗೆ ಹಾಕಿದರೆ ಮೆತ್ತಗೆ ಬೇಯುತ್ತದೆ. ದುಡ್ಡು ಕೊಟ್ಟು ತಂದ ಕಟ್ಟಿನ ಅರ್ಧ ತೂಕ ಕಸಕ್ಕೆ ಹೋದರೆ ಮೇಲಿನ 1 ರೂ. 36 ಪೈಸೆಯ ಲೆಕ್ಕ ಎರಡು ಪಟ್ಟಾಗುತ್ತದೆ. ಬಸಳೆ ಎಲ್ಲರಿಗೂ ಪ್ರಿಯವಾದರೂ ಎಲೆಯಲ್ಲಿ 100 ಗ್ರಾಂಗೆ ನಾರು 2.2 ಗ್ರಾಂ ಮಾತ್ರ, ಹರಿವೆಯ ಅರ್ಧ. ನುಗ್ಗೆ ಸೊಪ್ಪಿನಲ್ಲಿ 8.2. ಹಿತ್ತಲಲ್ಲಿ ನುಗ್ಗೆ ಮರ ಇರುವವರಿಗೆ ಅದು ಬಿಟ್ಟಿ ನಾರು.

ಔಷಧಿ ಅಂಗಡಿಯ ಇಸಬಗೋಲನ್ನೂ ತೂಗಿ ನೋಡೋಣ. 100 ಗ್ರಾಂ ಡಬ್ಬಿಗೆ 150 ರೂ. ಎಂದು ಹಿಡಿದರೆ, ಅದರ ತೂಕದ ಶೇ 80ರಷ್ಟು ನಾರೇ ಆದ್ದರಿಂದ ಒಂದು ಗ್ರಾಂ ನಾರಿಗೆ 1 ರೂ. 88 ಪೈಸೆ. ವೈದ್ಯರು ಹೇಳಿದಾಗ ಅದು ಒಳ್ಳೆಯ ಮದ್ದು. ನಿತ್ಯದ ಊಟದ ಕೊರತೆಗೆ ಅದನ್ನೇ ಆಶ್ರಯಿಸಿದರೆ ಕಾಳಿನ ಪ್ರೋಟೀನು, ಸೊಪ್ಪಿನ ಜೀವಸತ್ವ, ಖನಿಜ ಎಲ್ಲವೂ ತಪ್ಪಿಹೋಗುತ್ತವೆ, ಬೆಲೆಯೂ ಹೆಚ್ಚು.

ಶಾಲೆಯ ಬಿಸಿಯೂಟ

ಮಕ್ಕಳ ಲೆಕ್ಕವನ್ನು ಬಿಡುವಂತಿಲ್ಲ. ಮಧ್ಯಾಹ್ನದ ಬಿಸಿಯೂಟಕ್ಕೆ ಕೇಂದ್ರದ ಮಾನದಂಡದಂತೆ ಕಿರಿಯ ಪ್ರಾಥಮಿಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ಪ್ರಾಥಮಿಕಕ್ಕೆ 150, 30, 75. ಬೆಳ್ತಿಗೆ ಅಕ್ಕಿ, ತೊಗರಿಬೇಳೆ, 100 ಗ್ರಾಂಗೆ 3 ಗ್ರಾಂ ನಾರಿರುವ ತರಕಾರಿ ಎಂದು ಹಿಡಿದರೆ ಕಿರಿಯರ ತಟ್ಟೆಯಲ್ಲಿ ನಾರು 6.1 ಗ್ರಾಂ, ಹಿರಿಯರದ್ದರಲ್ಲಿ 9.2. ಆರರಿಂದ ಒಂಬತ್ತರ ಮಗುವಿಗೆ ಬೇಕಾದ 21 ಗ್ರಾಂನಲ್ಲಿ ಇದು ಶೇ 29.

ತೊಗರಿಬೇಳೆ ಸಿಪ್ಪೆ ಕಳೆದ ಬೇಳೆ, 100 ಗ್ರಾಂಗೆ ನಾರು 9 ಗ್ರಾಂ. ಅದೇ 20 ಗ್ರಾಂ ಇಡೀ ಹೆಸರುಕಾಳಾದ ದಿನ ತಟ್ಟೆಯ ನಾರು 7.7ಕ್ಕೆ ಏರುತ್ತದೆ, ಶೇ 37. ತೂಕ ಅದೇ, ಒಲೆ ಅದೇ, ಅಡುಗೆಯವರೂ ಅವರೇ. ವಾರದಲ್ಲಿ ಎರಡು ದಿನವಾದರೂ ಸಿಪ್ಪೆ ಸಹಿತ ಕಾಳು ಬೇಯಲಿ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬಹುದು, ಕೇಳಬೇಕು.

ದುಡ್ಡು ಹೋಗುತ್ತಿರುವುದು ಎಲ್ಲಿಗೆ

ಕೇಂದ್ರ ಸರ್ಕಾರದ 2022–23ರ ಕೌಟುಂಬಿಕ ವೆಚ್ಚ ಸಮೀಕ್ಷೆಯಂತೆ ನಗರದ ಮನೆಯ ಒಟ್ಟು ಖರ್ಚಿನಲ್ಲಿ ಪಾನೀಯ ಮತ್ತು ಸಿದ್ಧ ತಿನಿಸಿನ ಪಾಲು ಶೇ 10.64. ತರಕಾರಿಯ ಪಾಲು ಶೇ 3.80, ಹಣ್ಣಿನದು ಶೇ 3.81. ತರಕಾರಿ ಹಣ್ಣು ಎರಡನ್ನೂ ಕೂಡಿಸಿದರೂ ಶೇ 7.61. ನಗರದ ನಮ್ಮ ಮನೆಗಳಲ್ಲಿ ಸೊಪ್ಪು ಕಾಳಿಗೆ ದುಡ್ಡಿಲ್ಲ ಎನ್ನುವ ಮಾತಿಗೆ ಈ ಅಂಕಿಗಳಲ್ಲಿ ಬೆಂಬಲ ಸಿಗದು. ಮೈದಾದ ತಿನಿಸಿಗೆ ಹೋಗುವ ದುಡ್ಡಿನ ಒಂದು ಪಾಲು ತಿರುಗಿದರೆ ಸಾಕು.

ಏರಿಸುವ ಕ್ರಮ

16ರಿಂದ 30ಕ್ಕೆ ಒಂದೇ ದಿನ ಹಾರಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೂರನೇ ದಿನಕ್ಕೆ ಕಡಲೆಯೇ ಬೇಡ ಎನ್ನಿಸುತ್ತದೆ. ವಾರಕ್ಕೆ 5 ಗ್ರಾಂನಂತೆ ಏರಿಸಿ. ಮೊದಲ ವಾರ 20 ಗ್ರಾಂ ಕಡಲೆ, ಎರಡನೇ ವಾರ 40, ಮೂರನೇ ವಾರ ಹರಿವೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ವಾಯು ಎಬ್ಬಿಸುವ ಸಕ್ಕರೆಗಳು ಒಂದಷ್ಟು ತೊಳೆದುಹೋಗುತ್ತವೆ, ಸಿಪ್ಪೆಯ ನಾರು ಅಲ್ಲೇ ಉಳಿಯುತ್ತದೆ. ನೀರು ದಿನಕ್ಕೆ 2 ಲೀಟರಿಗೆ ಕಡಿಮೆಯಾಗದಿರಲಿ. ಮಂಗಳೂರಿನ ಬೆವರಿಗೆ ಏಪ್ರಿಲ್, ಮೇಯಲ್ಲಿ ಅದಕ್ಕಿಂತ ಹೆಚ್ಚೇ ಬೇಕು. ನೀರಿಲ್ಲದೆ ನಾರು ಮಾತ್ರ ಏರಿಸಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ.

ಮೂತ್ರಪಿಂಡದ ಕಾಯಿಲೆಗೆ ಪಥ್ಯದಲ್ಲಿರುವವರು, ಕರುಳಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಬದಲಾಯಿಸಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸಿನಲ್ಲಿ ಏಕಾಏಕಿ ಶುರುವಾದ ಮಲಬದ್ಧತೆ, ಇವು ಕಡಲೆ ಹರಿವೆಯಿಂದ ಕಾದು ನೋಡುವ ಸಂಗತಿಗಳಲ್ಲ. ಮೊದಲು ಆಸ್ಪತ್ರೆಗೆ ಹೋಗಿ.

ಉಳಿದವರೆಲ್ಲ ಈ ತಿಂಗಳ ದಿನಸಿ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ತಲೆಗೆ 1 ಕಿಲೋ 200 ಗ್ರಾಂ ಕಪ್ಪು ಕಡಲೆ. ಸಂತೆ ಚೀಲದಲ್ಲಿ ದಿನಕ್ಕೊಂದು ಸೊಪ್ಪಿಗೆ ಜಾಗ ಬಿಡಿ. ಕುದ್ರೋಳಿಯ ತಟ್ಟೆಯಲ್ಲಿ ಅನ್ನವೂ ಮೀನೂ ಇದ್ದಲ್ಲೇ ಇರಲಿ. ದಿನಕ್ಕೆ 10 ರೂಪಾಯಿಯ ಕಾಳು ಸೊಪ್ಪು ಅದರ ಪಕ್ಕದಲ್ಲಿ ಬಂದು ಕೂತರೆ ಲೆಕ್ಕ ಸರಿಹೋಗುತ್ತದೆ.